ಇಳಿಜಾರಿನ ಕೊನೆಯ ಕಲ್ಲು

ನಾನು ಒಂದು ಒರಳುಕಲ್ಲು. ಒಂದು ಕಾಲಕ್ಕೆ ರುಬ್ಬುತ್ತಿದ್ದೆ, ಈಗ ರುಬ್ಬುವುದಿಲ್ಲ. ಚಿತ್ರದುರ್ಗದ ಅಂಚಿನ ಒಂದು ಬಡಾವಣೆಯಲ್ಲಿ, ಇಳಿಜಾರು ರಸ್ತೆ ಬಂದು ಮುಗಿಯುವ ಮನೆಯ ಗೇಟಿನ ಮುಂದೆ, ಅರ್ಧ ಮೈ ನೆಲದೊಳಗೆ ಹೂತುಕೊಂಡು ನಿಂತಿದ್ದೇನೆ. ನನ್ನ ಎದುರಿಗಿರುವುದು ಆ ರಸ್ತೆಯೊಂದೇ. ಅದು ಮೇಲಿನಿಂದ ನೆಟ್ಟಗೆ ನನ್ನ ಕಡೆಗೇ ಇಳಿಯುತ್ತದೆ. ನನ್ನ ಮುಂದೆ ಬಂದ ಮೇಲಷ್ಟೇ ಎಡಕ್ಕೂ ಬಲಕ್ಕೂ ಒಡೆಯುತ್ತದೆ. ಹೋಗಿಬರುವವರು ನನ್ನನ್ನು ನೋಡಿ, ಪಾಪ, ಹಳೆಯ ಕಾಲದ್ದು ಎಂದುಕೊಳ್ಳುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಹಳೆಯ ಕಾಲದ್ದು ನಿಜ, ಆದರೆ ನಾನಿಲ್ಲಿ ನಿಂತಿರುವುದು ಈ ಹೊತ್ತಿನ ಕೆಲಸಕ್ಕೆ.

ಊರ ಹೊರಗಿನ ಬಂಡೆಯಿಂದ ನನ್ನನ್ನು ಬಿಡಿಸಿ ತಂದವನು ಭೀಮಪ್ಪನೆಂಬ ಕಲ್ಲುಕುಟಿಗ. ಮದುವೆ ಅಡುಗೆಗೆ ದೊಡ್ಡದೊಂದು ಒರಳು ಬೇಕೆಂದು ಯಾವುದೋ ಛತ್ರದವರು ಅವನಿಗೆ ಹೇಳಿಕಳಿಸಿದ್ದರು. ಅವನು ಬಿಸಿಲಲ್ಲಿ ಕೂತು ಉಳಿ ಸುತ್ತಿಗೆ ಹಿಡಿದು ನನ್ನ ಮೈ ತಿದ್ದಿದ, ಹೊಟ್ಟೆ ಕೊರೆದ, ಆ ಕುಳಿಗೆ ಸರಿಯಾಗಿ ಕೂರುವ ಗುಂಡನ್ನೂ ಮಾಡಿದ. ಎಲ್ಲ ಮುಗಿಸಿ ನೀರು ಹೊಯ್ದು ತೊಳೆದಾಗ ನನ್ನ ಪಕ್ಕೆಯಲ್ಲಿ ಒಂದು ಬಿಳಿ ಗೆರೆ ಎದ್ದು ಕಂಡಿತು. ಛತ್ರದ ಅಡುಗೆಯವನು ಅದನ್ನು ಬೆರಳಿನಿಂದ ಸವರಿ, "ಇದು ಸೀಳ್ತದೆ ಕಣಪ್ಪ, ಬ್ಯಾಡ" ಎಂದು ಎದ್ದು ಹೋದ. ನಾನು ಇವತ್ತಿನವರೆಗೂ ಸೀಳಿಲ್ಲ. ಆ ಮನುಷ್ಯ ಒಮ್ಮೆ ಎದುರಿಗೆ ಬರಬಾರದೇ ಎಂದು ಬಹಳ ಕಾಲ ಹಲ್ಲು ಕಡಿದುಕೊಂಡು ಕಾದಿದ್ದೆ.

ಯಾರಿಗೂ ಬೇಡವಾದ ನನ್ನನ್ನು ಕೊಂಡವನು ಅಂಚೆ ಕಚೇರಿಯ ನೌಕರ ತಿಪ್ಪೇರುದ್ರಪ್ಪ. ಬೇಡವಾದದ್ದನ್ನು ಕೊಳ್ಳುವುದೇ ಅವನ ಚಟವಿರಬೇಕು. ಮನೆ ಕಟ್ಟಲು ಅವನು ಹಿಡಿದ ಸೈಟೂ ಅಂಥದ್ದೇ. ರಸ್ತೆ ನೇರವಾಗಿ ಬಂದು ಬಾಗಿಲಿಗೆ ಬಡಿಯುವ ಜಾಗವನ್ನು ಜನ ಬೀದಿ ಶೂಲ ಅನ್ನುತ್ತಾರೆ. ಅಲ್ಲಿ ಮನೆ ಕಟ್ಟಿದರೆ ಏಳಿಗೆಯಾಗುವುದಿಲ್ಲ ಎಂದು ನಂಬುತ್ತಾರೆ. ಬಡಾವಣೆಯ ಸೈಟುಗಳೆಲ್ಲ ಖರ್ಚಾಗಿ ಇದೊಂದು ಉಳಿದಿತ್ತು, ಅಗ್ಗವಾಗಿತ್ತು, ಅವನು ತೆಗೆದುಕೊಂಡ. "ಮುಂದೆ ಮಾರೋಕ್ ಹೋದ್ರೆ ಒಬ್ರೂ ಮೂಸಿ ನೋಡಲ್ಲ" ಎಂದು ಭಾವಮೈದುನ ಹೆದರಿಸಿದಾಗ ತಿಪ್ಪೇರುದ್ರಪ್ಪ ನಕ್ಕು, "ಮಾರೋನು ಯಾವನಪ್ಪ? ನಾನು ಇರೋಕೆ ಕಟ್ತಿರೋದು" ಎಂದ.

ಅವನ ಹೆಂಡತಿ ಹಾಲಮ್ಮ. ನನ್ನ ಒಳ್ಳೆಯ ದಿನಗಳೆಲ್ಲ ಅವಳ ಕೈಯಲ್ಲೇ ಕಳೆದವು. ಛತ್ರಕ್ಕೆಂದು ಕಡೆದ ದೈತ್ಯ ನಾನು, ನಾಲ್ಕು ಜನರ ಮನೆಯ ಚಟ್ನಿ ನನ್ನ ತಳಕ್ಕೂ ಅಂಟುತ್ತಿರಲಿಲ್ಲ. ಅದಕ್ಕೆ ಅವಳು ಓಣಿಯ ಹೆಂಗಸರನ್ನೆಲ್ಲ ಕರೆದಳು. ಉದ್ದಿನ ಬೇಳೆ, ಅಕ್ಕಿ, ಹುಣಸೆ, ಒಣಮೆಣಸಿನಕಾಯಿ, ಯಾರ ಮನೆಯದು ಯಾವುದೆಂದು ನನಗೆ ಗೊತ್ತಾಗುತ್ತಿರಲಿಲ್ಲ. ನನ್ನ ಸುತ್ತ ಕೂತು ಅವರು ಆಡದ ಮಾತಿಲ್ಲ. ಯಾವ ಅತ್ತೆ ಎಂಥವಳು, ಯಾರ ಗಂಡನ ಕೈ ಎಷ್ಟು ಬಿಗಿ, ಎಲ್ಲ ನನ್ನ ಹೊಟ್ಟೆಗೇ ಬೀಳುತ್ತಿತ್ತು. ನಾನು ಯಾರಿಗೂ ಹೇಳಿಲ್ಲ.

ಮುಂದೆ ಮನೆಗೆ ಮಿಕ್ಸಿ ಬಂತು, ಆಮೇಲೆ ಗ್ರೈಂಡರೂ ಬಂತು. ನನ್ನನ್ನು ಹಿತ್ತಲಿನ ಬಟ್ಟೆ ಒಗೆಯುವ ಜಾಗಕ್ಕೆ ಹಾಕಿದರು. ಕೋಪ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಸಾಬೂನಿನ ನೊರೆ ಕುಡಿಯುವುದಕ್ಕೆ ಭೀಮಪ್ಪ ನನ್ನನ್ನು ಕಡೆದಿರಲಿಲ್ಲ.

ಒಂದು ಬೆಳಿಗ್ಗೆ ಹಾಲಿನ ಕ್ಯಾನು ಹೇರಿಕೊಂಡಿದ್ದ ಸೈಕಲ್ಲೊಂದು ಬ್ರೇಕು ಹತ್ತದೆ ಮೇಲಿನಿಂದ ಜಾರಿ ಬಂದು ಗೇಟು ಮುರಿದು ಅಂಗಳಕ್ಕೆ ನುಗ್ಗಿತು. ಹಾಲಮ್ಮ ಆಗತಾನೇ ರಂಗೋಲಿ ಮುಗಿಸಿ ಒಳಗೆ ಹೋಗಿದ್ದಳು. ಹಾಲು ರಂಗೋಲಿಯ ಮೇಲೆಲ್ಲ ಹರಿಯಿತು. ಸೈಕಲ್ಲಿನವನಿಗೆ ಕಾಫಿ ಕೊಟ್ಟು ಕಳಿಸಿದ ಮೇಲೆ ಅವಳು ಗೇಟಿನ ಬಳಿ ನಿಂತು ರಸ್ತೆಯನ್ನು ತುಸು ಹೊತ್ತು ನೋಡಿದಳು.

"ಒಳ್ಕಲ್ಲು ಹಿತ್ತಲಾಗೆ ಸುಮ್ನೆ ಬಿದ್ದೈತಲ್ಲ. ತಂದು ಇಲ್ಲಿ ಹೂಣ್ರಿ" ಎಂದಳು ಗಂಡನಿಗೆ.

"ಒಳ್ಕಲ್ಲು ಬೀದಿಗೆ ಹಾಕ್ತಾರೇನೇ? ನೋಡ್ದೋರು ನಗ್ತಾರೆ."

"ನಗಲಿ ಬಿಡ್ರಿ. ನಾನು ದಿನಾ ಬೆಳಿಗ್ಗೆ ರಸ್ತೆಗೆ ಬೆನ್ನು ಹಾಕ್ಕೊಂಡೇ ರಂಗೋಲಿ ಇಡೋದು."

ಹೀಗೆ ನನಗೆ ಎರಡನೆಯ ಕೆಲಸ ಸಿಕ್ಕಿತು. ನಾಲ್ಕು ಆಳು ಸೇರಿ ಹಗ್ಗ ಕಟ್ಟಿ ನನ್ನನ್ನು ಎಳೆತಂದು ಗೇಟಿನ ಮುಂದೆ ಗುಂಡಿ ತೋಡಿ ಹೂತರು. ಗುಂಡು ಹಿತ್ತಲಲ್ಲೇ ಉಳಿಯಿತು. ಹಾಲಮ್ಮ ದಿನವೂ ನನ್ನ ಮತ್ತು ಗೇಟಿನ ನಡುವಿನ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತು ಚುಕ್ಕಿ ಇಡುತ್ತಿದ್ದಳು. ಮುಗಿದ ಮೇಲೆ ನನ್ನ ಹಣೆಗೂ ಒಂದು ಚಿಟಿಕೆ ಕುಂಕುಮ. ಅವಳ ಬೆನ್ನು ನನ್ನ ಕಡೆಗಿರುತ್ತಿತ್ತು, ನನ್ನ ಮುಖ ರಸ್ತೆಯ ಕಡೆಗೆ. ನನಗೆ ಆ ಕೆಲಸ ರುಬ್ಬುವುದಕ್ಕಿಂತ ಹೆಚ್ಚು ಇಷ್ಟವಾಯಿತು.

ಏನೇನೋ ಬಂದು ನನಗೆ ಬಡಿದವು. ಉರುಳಿಬಿಟ್ಟ ಟೈರುಗಳು, ಸ್ಕೂಟರು ಕಲಿಯುವವರು, ಒಮ್ಮೆ ಆಟೋ. ಆಟೋದ ಹಳದಿ ಬಣ್ಣ ನನ್ನ ಎಡಭುಜಕ್ಕೆ ಹತ್ತಿದ್ದು ಇನ್ನೂ ಹೋಗಿಲ್ಲ. ಗೇಟಿಗೆ ಮಾತ್ರ ಆಮೇಲೆ ಒಂದು ಗೀರೂ ಬೀಳಲಿಲ್ಲ.

ತಿಪ್ಪೇರುದ್ರಪ್ಪನ ಕೆಲಸ ಮುಗಿದು ಪಿಂಚಣಿ ಶುರುವಾಯಿತು. ಮಗಳು ದಾವಣಗೆರೆಯಲ್ಲಿ ತನ್ನ ಮನೆಯ ಪಕ್ಕದಲ್ಲೇ ಅವರಿಗೊಂದು ಮನೆ ನೋಡಿದಳು. ಇಬ್ಬರೂ ಖುಷಿಯಾಗೇ ಹೊರಟರು. ಹಾಲಮ್ಮ ಗುಂಡನ್ನು ಗೋಣಿಚೀಲದಲ್ಲಿ ಸುತ್ತಿಸಿಕೊಂಡಳು. ನನ್ನನ್ನೂ ಒಯ್ಯಬಹುದಿತ್ತು, ಒಯ್ಯಲಿಲ್ಲ. ಮನೆ ಕೊಂಡವರ ಹೆಂಡತಿಯ ಕೈಗೆ ಬೀಗದ ಕೈ ಕೊಡುತ್ತಾ ನನ್ನ ಮೇಲೆ ಕೈಯಿಟ್ಟು, "ಮನೇಲಿ ಏನು ಬೇಕಾದ್ರೂ ಬದಲಾಯಿಸ್ಕೊಳ್ರಮ್ಮ. ಈ ಕಲ್ಲೊಂದು ಮಾತ್ರ ಕೀಳಬ್ಯಾಡ್ರಿ" ಎಂದಳು. ಆ ಹೆಂಡತಿ ಕೋಮಲ. ಅವಳು ತಲೆಯಾಡಿಸಿದ್ದನ್ನು ನಾನು ನೋಡಿದೆ.

ಕೋಮಲಳ ಗಂಡ ವಾಗೀಶನಿಗೆ ಪೇಟೆಯಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ. ಅವನು ಮನೆ ಕೊಳ್ಳುತ್ತಿದ್ದುದು ಮಾರುವುದಕ್ಕೆ. ಕೊಳ್ಳುವ ದಿನವೇ ಮಾರುವ ದಿನದ ಲೆಕ್ಕ ಅವನ ತಲೆಯಲ್ಲಿರುತ್ತಿತ್ತು. ಯಾವ ಕಡೆ ಊರು ಬೆಳೆಯುತ್ತದೆ, ಬಸ್ಸು ಎಲ್ಲಿಯವರೆಗೆ ಬರುತ್ತದೆ, ಹತ್ತಿರ ಯಾವ ಶಾಲೆ ತೆರೆಯುತ್ತದೆ, ಎಲ್ಲ ಮೂಸಿ ನೋಡಿ ಹಿಡಿಯುತ್ತಿದ್ದ. ಶೂಲದ ಮನೆಯೆಂದು ಇದೂ ಅಗ್ಗಕ್ಕೆ ಸಿಕ್ಕಿತ್ತು. ಗುಡ್ಡದ ಮೇಲೆ ಹೊಸ ಲೇಔಟು ಬರುತ್ತದೆಂಬ ಸುದ್ದಿ ಅವನಿಗೆ ಎಲ್ಲರಿಗಿಂತ ಮೊದಲು ಸಿಕ್ಕಿತ್ತು. ಲೇಔಟು ಬಂದರೆ ಈ ರಸ್ತೆಗೆ ಬೆಲೆ ಬರುತ್ತದೆ, ಆಗ ಮಾರಿಬಿಡುವುದು. ಮದುವೆಯಾದಾಗಿನಿಂದ ಕೋಮಲ ಇಂಥ ಮನೆಗಳಲ್ಲೇ ಬದುಕಿದ್ದಳು.

ಅವನ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿರಲಿಲ್ಲ. ಕೊಳ್ಳಲು ಬಂದವರಿಗೆ ತೂತು ಕಾಣುತ್ತದಂತೆ. ದೇವರ ಮನೆಯಲ್ಲಿ ಎಣ್ಣೆ ದೀಪ ಹಚ್ಚುವಂತಿಲ್ಲ, ಮಸಿ ಹಿಡಿಯುತ್ತದಂತೆ. ಅಂಗಳದಲ್ಲಿ ಕರಿಬೇವಿನ ಗಿಡ ಹಾಕಿದ್ದನ್ನು ಕಿತ್ತೆಸೆದ. ಅವರ ಮದುವೆಯ ಫೋಟೋ ಚೌಕಟ್ಟು ಹಾಕಿಸಿದಾಗಿನಿಂದ ನೆಲದ ಮೇಲೇ ಗೋಡೆಗೆ ಒರಗಿ ನಿಂತಿತ್ತು. ಬಾಗಿಲು ತೆರೆದಾಗ ನನಗೆ ಕಾಣುತ್ತಿತ್ತು. ಅದನ್ನು ಒರೆಸುವಾಗೆಲ್ಲ ಕೋಮಲ ಒಮ್ಮೆ ಗೋಡೆ ನೋಡುತ್ತಿದ್ದಳು. ಇನ್ನೊಬ್ಬರ ಮನೆಯನ್ನು ಕಾಯುವವರ ಹಾಗೆ ಅವರು ತಮ್ಮ ಮನೆಯಲ್ಲಿದ್ದರು.

ಗುಡ್ಡದ ಮೇಲೆ ಲೇಔಟು ಬಂತು. ಬೆಳಗಾಗುವ ಮೊದಲೇ ಮರಳು, ಜಲ್ಲಿ, ಇಟ್ಟಿಗೆ ಹೇರಿದ ಟ್ರಾಕ್ಟರುಗಳು ಓಡಾಡತೊಡಗಿದವು. ಹೊಸ ಮನೆಗಳಿಗೆ ಸಿಮೆಂಟು ವಾಗೀಶನ ಅಂಗಡಿಯಿಂದಲೇ ಹೋಗುತ್ತಿತ್ತು. ರಸ್ತೆಯ ಡಾಂಬರು ಎದ್ದು ಸಣ್ಣ ಜಲ್ಲಿ ಚೆಲ್ಲಾಡಿತು. ಮೇಲೆ ಇಂಜಿನ್ ಚಾಲೂ ಆದ ಕೂಡಲೇ ನೆಲದೊಳಗಿನ ನನ್ನ ಅರ್ಧ ಮೈಗೆ ಅದು ಗೊತ್ತಾಗುತ್ತಿತ್ತು. ಮಣ್ಣು ಸಣ್ಣಗೆ ಅದುರುತ್ತದೆ. ಆ ಅದುರು ಬಂದಾಗಲೆಲ್ಲ ನಾನು ಬಿಗಿಯಾಗುತ್ತಿದ್ದೆ.

ಕೋಮಲ ರಂಗೋಲಿಗೆ ಕೂತಿದ್ದ ಒಂದು ಬೆಳಿಗ್ಗೆ ಆ ಅದುರು ನಿಲ್ಲಲಿಲ್ಲ, ಹೆಚ್ಚಾಗುತ್ತಲೇ ಹೋಯಿತು. ಮರಳಿನ ಲೋಡು ಹೊತ್ತ ನೀಲಿ ಟ್ರಾಕ್ಟರು ಚಡಾವು ಹತ್ತಲಾಗದೆ ಹಿಂದಕ್ಕೆ ಜಾರಿ, ಸೊಟ್ಟಗೆ ತಿರುಗಿ, ಬ್ರೇಕು ಹಿಡಿಯದೆ ಇಳಿದು ಬಂತು. ಡ್ರೈವರ್ ಕೂಗಿಕೊಂಡ. ಕೋಮಲ ತಿರುಗಿ ನೋಡಿದಳು, ಏಳುವಷ್ಟು ಹೊತ್ತಿರಲಿಲ್ಲ. ಚಕ್ರ ನನ್ನ ಎದೆಗೆ ಬಡಿಯಿತು. ನಾನು ಮಣ್ಣಿನೊಳಗೆ ಅರ್ಧ ಗೇಣು ಹಿಂದಕ್ಕೆ ಹೋದೆ. ನನ್ನ ಬಿಳಿ ಗೆರೆಯಲ್ಲಿ ಚಳುಕು ಎದ್ದಿತು. ಆದರೆ ಸೀಳಲಿಲ್ಲ, ಚಕ್ರ ಅಲ್ಲೇ ನಿಂತಿತು. ಅವಳ ಬೆನ್ನಿಗೂ ಟ್ರಾಕ್ಟರಿಗೂ ನಡುವೆ ಇದ್ದದ್ದು ನಾನೊಬ್ಬನೇ.

ಆವತ್ತು ಅವಳು ನನ್ನನ್ನು ತಬ್ಬಿಕೊಂಡು ಅತ್ತಳು. ಕಲ್ಲನ್ನು ತಬ್ಬಿಕೊಂಡವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮರುದಿನದಿಂದ ಅವಳೂ ನನಗೆ ಕುಂಕುಮ ಇಡತೊಡಗಿದಳು.

ಬೆಲೆ ಏರಿತು. ವಾಗೀಶ ಬ್ರೋಕರ್ ಓಂಕಾರಿಯನ್ನು ಕರೆತಂದ. ಓಂಕಾರಿ ಬಿಳಿ ಬಟ್ಟೆ ಹಾಕಿಕೊಂಡು ಸದಾ ಏಲಕ್ಕಿ ಜಗಿಯುವ ಮನುಷ್ಯ. ಗೇಟಿನ ಮುಂದೆ ನಿಂತು ರಸ್ತೆ ನೋಡಿದ, ಮನೆ ನೋಡಿದ, ಕೊನೆಗೆ ನನ್ನನ್ನು ನೋಡಿದ.

"ರಸ್ತೆ ಬಂದು ಹೊಡೆಯೋದು ಎಲ್ಲರಿಗೂ ಕಾಣ್ತದೆ ಸಾರ್, ಅದಕ್ಕೆ ನನ್ ಹತ್ರ ಮಾತಿದೆ. ಈಶಾನ್ಯಕ್ಕೆ ಬರೋ ಬೀದಿ ಶೂಲ ಅಲ್ಲ, ಲಕ್ಷ್ಮಿ ಬರೋ ದಾರಿ ಅಂತೀನಿ, ನಂಬ್ತಾರೆ. ಆದ್ರೆ ಈ ಕಲ್ಲು ನೋಡಿದ ತಕ್ಷಣ ಇಲ್ಲಿ ಗಾಡಿ ನುಗ್ತವೆ ಅಂತ ಗೊತ್ತಾಗೋಗ್ತದೆ. ಇದೊಂದು ತೆಗೆದುಬಿಟ್ರೆ ಮನೆ ಹೋಗ್ತದೆ."

ಅವನು ಹೋದ ಮೇಲೆ ಕೋಮಲ ಗೇಟಿನ ಬಳಿಯೇ ಗಂಡನನ್ನು ತಡೆದಳು. "ಬೇಡ ರೀ. ಆವತ್ತು ಈ ಕಲ್ಲು ಇಲ್ದಿದ್ರೆ ನಾನು ಇರ್ತಿರಲಿಲ್ಲ."

"ನಾವು ಹೋದ ಮೇಲೆ ಬೇಕಾದ್ರೆ ಅವರೊಂದು ಹಾಕಿಸ್ಕೊಳ್ಳಲಿ. ಬೇಡ ಅಂದೋರು ಯಾರು?"

"ಹಾಕಿಸ್ಕೊಳ್ಳಿ ಅಂತ ಹೇಳ್ತೀರಾ ಅವರಿಗೆ?"

"ಕೇಳಿದ್ರೆ ಹೇಳೋಣ." ಆಮೇಲೆ ಅವನ ದನಿ ಮೆತ್ತಗಾಯಿತು. "ಇದು ಒಳ್ಳೆ ರೇಟಿಗೆ ಹೋದ್ರೆ ಇದೇ ಕೊನೆ ಕಣೇ. ಮುಂದಿನದು ನಮ್ಮನೆ. ಅಲ್ಲಿ ಎಷ್ಟು ಮೊಳೆ ಬೇಕಾದ್ರೂ ಹೊಡ್ಕೋ."

ಕೋಮಲ ಗೇಟು ಬಿಟ್ಟು ಪಕ್ಕಕ್ಕೆ ಸರಿದಳು. ಅವಳು ಕೆಟ್ಟವಳಲ್ಲ. ಒಂದು ಗೋಡೆಗಾಗಿ ಆಸೆಪಟ್ಟು ಆಸೆಪಟ್ಟು ಸೋತಿದ್ದವಳು.

ಹಾರೆ ಹಾಕಿ ನನ್ನನ್ನು ಎಬ್ಬಿಸಿದರು. ನಾನು ಕೈಲಾದಷ್ಟು ಹಟ ಹಿಡಿದೆ. ಒಂದು ಹಾರೆಯನ್ನು ಬಗ್ಗಿಸಿಯೂ ಬಿಟ್ಟೆ. ಆದರೂ ಎಳೆದೊಯ್ದು ಹಿತ್ತಲಿಗೆ ಹಾಕಿದರು. ನಾನಿದ್ದ ಗುಂಡಿಗೆ ವಾಗೀಶ ತನ್ನ ಅಂಗಡಿಯ ಸಿಮೆಂಟೇ ತರಿಸಿ ತುಂಬಿ, ಮೇಲೆ ಗಾಜಿನಂತೆ ನುಣ್ಣಗೆ ಗಾರೆ ಮಾಡಿಸಿದ.

ಮನೆ ನೋಡಲು ಬಂದವರು ನಟೇಶ ಮತ್ತು ಅನಸೂಯ. ನಟೇಶ ಹೈಸ್ಕೂಲಿನಲ್ಲಿ ಚಿತ್ರಕಲೆಯ ಮೇಷ್ಟ್ರು, ಹೊಸದಾಗಿ ಈ ಊರಿಗೆ ವರ್ಗವಾಗಿ ಬಂದವನು. ಅನಸೂಯಳ ಸೊಂಟದ ಮೇಲೆ ಪುಟ್ಟ ಮಗಳು ಇಂಚರ. ಮನೆ ಕೊಳ್ಳುವಾಗ ಏನು ಕೇಳಬೇಕೆಂದು ಊರಿನವರೆಲ್ಲ ನಟೇಶನಿಗೆ ಪಾಠ ಹೇಳಿಕೊಟ್ಟಿದ್ದರೆಂದು ಕಾಣುತ್ತದೆ. "ಮುಂದೆ ಯಾವತ್ತಾದ್ರೂ ಮಾರ್ಬೇಕು ಅಂದ್ರೆ ಒಳ್ಳೆ ಬೆಲೆ ಬರುತ್ತಲ್ವಾ?" ಎಂದು ಅವನು ಬಂದ ಕೂಡಲೇ ಕೇಳಿದ. ಅದನ್ನೇ ಮತ್ತೊಮ್ಮೆಯೂ ಕೇಳಿದ. ಇಲ್ಲಿ ಗಾಡಿ ನುಗ್ಗುತ್ತವೆಯೇ ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಓಂಕಾರಿ ಏಲಕ್ಕಿ ಜಗಿಯುತ್ತಾ ಲಕ್ಷ್ಮಿ ಬರುವ ದಾರಿಯ ಕಥೆ ಹೇಳಿದ.

ಗಂಡಸರು ಮುಂದೆ ಮಾತಾಡುತ್ತಿದ್ದಾಗ ಕೋಮಲ ಅನಸೂಯಳನ್ನು ಹಿತ್ತಲಿಗೆ ಕರೆತಂದು ನೀರಿನ ತೊಟ್ಟಿ ತೋರಿಸಿದಳು. ನಾನು ಅವರ ಕಾಲ ಬಳಿಯೇ ಬಿದ್ದಿದ್ದೆ. ಅನಸೂಯ ಮಗುವನ್ನು ಇಳಿಸಿ ದನಿ ತಗ್ಗಿಸಿದಳು.

"ಅಕ್ಕಾ, ಗಂಡಸರು ಬರೀ ರೇಟು ಮಾತಾಡ್ತಾರೆ. ನೀವು ಇಲ್ಲಿ ಇದ್ದೋರು. ಏನಾದ್ರೂ ತೊಂದ್ರೆ ಇದ್ಯಾ? ನನಗೊಬ್ಬಳಿಗೆ ಹೇಳಿ."

ಹೇಳು ಎಂದೆ ನಾನು. ನನಗೆ ಬಾಯಿಲ್ಲ, ಆದರೂ ಎಂದೆ. ಕೋಮಲ ನನ್ನನ್ನು ನೋಡಿದಳು. ನನ್ನ ಎದೆಯ ಮೇಲಿನ ನೀಲಿ ಗೀರು ಅವಳಿಗೆ ಕಾಣುವಂತೆಯೇ ಇತ್ತು.

"ಏನೂ ಇಲ್ಲಮ್ಮ. ನೀರಿಗೂ ತೊಂದ್ರೆ ಇಲ್ಲ" ಎಂದಳು ಕೋಮಲ.

ಅನಸೂಯಳ ಮುಖ ಅರಳಿತು. "ನಂಗೆ ಮನೆಗಿಂತ ಗೇಟ್ ಮುಂದಿನ ಜಾಗ ಇಷ್ಟವಾಯ್ತು ನೋಡಿ. ಎಷ್ಟು ನುಣ್ಣಗೆ ಗಾರೆ ಮಾಡಿಸಿದ್ದೀರಿ! ರಂಗೋಲಿಗೆ ಹೇಳಿ ಮಾಡಿಸಿದ ಹಾಗಿದೆ." ಆಮೇಲೆ ಬಗ್ಗಿ ನನ್ನ ಕುಳಿಯೊಳಗೆ ಕೈಯಾಡಿಸಿದಳು. "ಈ ಒರಳು ಬಿಟ್ಟು ಹೋಗ್ತೀರಾ ಅಕ್ಕ? ಗುಂಡು ಬೇರೆ ಮಾಡಿಸ್ಕೋತೀನಿ. ನಮ್ಮವರಿಗೆ ರುಬ್ಬಿದ ಚಟ್ನಿ ಅಂದ್ರೆ ಪ್ರಾಣ."

ಕೋಮಲ ಬಾಯಿ ತೆರೆದಳು. ಅಷ್ಟರಲ್ಲಿ ವಾಗೀಶ ಹಿತ್ತಲ ಬಾಗಿಲಲ್ಲಿ ನಿಂತಿದ್ದ. "ಇಲ್ಲಮ್ಮ, ಅದು ನಮ್ಮ ತಾಯಿ ಕಾಲದ್ದು. ಕೊಡೋಕಾಗಲ್ಲ" ಎಂದ. ಅವನ ತಾಯಿಯ ಮುಖವನ್ನೇ ನಾನು ನೋಡಿಲ್ಲ. ನಾನು ಇಲ್ಲೇ ಉಳಿದರೆ ಅಕ್ಕಪಕ್ಕದವರು ಯಾರಾದರೂ, ಈ ಕಲ್ಲು ಗೇಟಿನ ಮುಂದಿತ್ತಲ್ಲ, ಯಾಕೆ ತೆಗೆದರು ಎಂದು ಬಾಯಿಬಿಟ್ಟಾರು ಎಂಬ ಭಯ ಅವನಿಗೆ. ಸಾಮಾನಿನ ಲಾರಿಗೆ ಮೊದಲು ನನ್ನನ್ನೇ ಏರಿಸಿದ. ಚಟ್ನಿಗೆಂದು ನಾನು ಆ ಮನೆಯಲ್ಲಿ ಉಳಿದಿದ್ದರೂ ಸಾಕಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ವಾಗೀಶನ ಹೊಸ ಮನೆ ಪೇಟೆಯೊಳಗಿನ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ಬೇಕಾದಾಗ ಬೇಗ ಮಾರಿಹೋಗುವಂಥದ್ದು ಎಂದು ಅವನು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ, ಕೋಮಲ ಅಡುಗೆಮನೆಯಲ್ಲಿದ್ದಳು. ನನ್ನನ್ನು ಬಾಲ್ಕನಿಯಲ್ಲಿಟ್ಟು ಕುಳಿಗೆ ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟರು. ನನಗೆ ತಳದಲ್ಲಿ ತೂತಿಲ್ಲ, ನೀರು ನಿಂತು ಗಿಡ ಕೊಳೆಯಿತು. ಮತ್ತೊಂದು ನೆಟ್ಟರು, ಅದೂ ಕೊಳೆಯಿತು. ಅಲ್ಲಿಂದ ಕೆಳಗೆ ರಸ್ತೆಯಲ್ಲಿ ವಾಹನಗಳು ಹೋಗುವುದು ಕಾಣುತ್ತಿತ್ತು. ಮೂರನೇ ಮಹಡಿಗೆ ಯಾವ ಟ್ರಾಕ್ಟರೂ ನುಗ್ಗುವುದಿಲ್ಲ. ನಾನು ಯಾರನ್ನೂ ಕಾಯದೆ ಕೂತಿದ್ದೆ. ಹುಟ್ಟಿದಾಗಿನಿಂದ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಕೋಮಲ ಮೊಳೆ ಹೊಡೆದಳು. ಮದುವೆಯ ಫೋಟೋ ಗೋಡೆಗೆ ಏರಿತು. ಅವಳು ದೂರ ನಿಂತು ಅದನ್ನು ನೋಡುತ್ತಿದ್ದಾಗಲೇ ಒಂದು ದಿನ ಓಂಕಾರಿಯ ಫೋನು ಬಂತು. ವಾಗೀಶ ಮಾತಾಡಲು ಬಾಲ್ಕನಿಗೆ ಬಂದ.

"ಯಾವಾಗ? ಬೆಳಿಗ್ಗೇನಾ? ಮರಳಿನ ಗಾಡಿನಾ?" ಎಂದ. "ಅಲ್ಲೇ ಹೋಗ್ಬಿಟ್ಲಾ? ಮಗು? ಮಗು ಒಳಗಿತ್ತಾ, ಸದ್ಯ." ಫೋನು ಇಟ್ಟು ತಿರುಗಿದಾಗ ಕೋಮಲ ಬಾಗಿಲಲ್ಲಿದ್ದಳು.

"ಅನಸೂಯ..." ಎಂದ ಅವನು. "ರಂಗೋಲಿ ಇಡ್ತಾ ಕೂತಿದ್ಲಂತೆ." ಫೋನು ಜೇಬಿಗಿಳಿಸಿ, "ಆ ಮನೆ ರೇಟು ಇನ್ನು ಬಿತ್ತು ಬಿಡು. ಸರಿಯಾದ ಟೈಮಿಗೆ ಕೈ ತೊಳ್ಕೊಂಡ್ವಿ" ಎಂದ.

ಕೋಮಲ ಗೋಡೆ ಹಿಡಿದು ನೆಲಕ್ಕೆ ಕುಸಿದಳು. ನುಣ್ಣನೆಯ ಗಾರೆಯ ಮೇಲೆ ರಸ್ತೆಗೆ ಬೆನ್ನು ಹಾಕಿ ಕೂತ ಹೆಂಗಸು ನನ್ನ ಕಣ್ಣ ಮುಂದೆಯೇ ಇದ್ದಳು. ಆ ಬೆನ್ನಿನ ಹಿಂದೆ ನಾನಿರಬೇಕಿತ್ತು. ದುಃಖವಾದರೆ ಕಲ್ಲು ಕರಗುತ್ತದೆ ಅನ್ನುತ್ತಾರೆ. ಸುಳ್ಳು. ಕರಗುವಂತಿದ್ದರೆ ಆವತ್ತೇ ಕರಗಿರುತ್ತಿದ್ದೆ, ಹೀಗೆ ಎಲ್ಲವನ್ನೂ ನೆನಪಿಟ್ಟುಕೊಂಡು ಕೂರಬೇಕಾಗಿರಲಿಲ್ಲ.

ಕಾರ್ತೀಕ ಕಳೆದ ಮೇಲೆ ನಟೇಶ ಇಂಚರಳ ಕೈಹಿಡಿದುಕೊಂಡು ಅಪಾರ್ಟ್‌ಮೆಂಟಿಗೆ ಬಂದ. ಆಳು ಅರ್ಧವಾಗಿದ್ದ. ಮನೆ ಮಾರಬೇಕು, ದಾರಿ ಹೇಳಿ ಎಂದು ವಾಗೀಶನನ್ನು ಕೇಳಿದ. "ಗೇಟ್ ದಾಟ್ಸಿದ್ರೆ ಸಾಕು, ಮಗು ಚೀರ್ಕೊಳ್ತಾಳೆ. ಅಂಗನವಾಡಿಗೂ ಎತ್ಕೊಂಡೇ ಹೋಗ್ಬೇಕು. ನಮ್ಮ ಅಕ್ಕ ಹಿರಿಯೂರಲ್ಲಿದ್ದಾಳೆ, ಅಲ್ಲಿಗೆ ಹೋಗಿಬಿಡ್ತೀನಿ" ಎಂದ.

ಒಳಗೆ ವಾಗೀಶ ಉಪಾಯ ಹೇಳುತ್ತಿದ್ದ. ಹೊರ ಊರಿನವರಿಗೆ ತೋರಿಸಿ, ಗೇಟಿಗೆ ಬಣ್ಣ ಹೊಡೆಸಿ, ಆಗಿದ್ದು ರಸ್ತೆಯಲ್ಲೇ ಹೊರತು ಮನೆಯಲ್ಲಲ್ಲ. ಇಂಚರ ಬಾಲ್ಕನಿಗೆ ಬಂದು ನನ್ನ ಕುಳಿಯ ಕೊಳೆತ ಗಿಡವನ್ನು ಕೀಳುತ್ತಿದ್ದಳು. ಅವಳನ್ನು ಕರೆಯಲು ಬಂದ ನಟೇಶ ನನ್ನ ಮುಂದೆ ನಿಂತ. ಚಿತ್ರದ ಮೇಷ್ಟ್ರಲ್ಲವೇ, ಅವನ ಕಣ್ಣು ಬಣ್ಣದ ಮೇಲೆ ಬಿತ್ತು.

"ಒರಳಿಗೆ ಇಷ್ಟೊಂದು ಬಣ್ಣ ಹೇಗೆ ಹತ್ತಿತು?" ಎಂದು ಕೇಳಿದ.

ಕೋಮಲ ಕಾಫಿ ಲೋಟ ಹಿಡಿದು ನಿಂತಿದ್ದಳು. "ಹಳದಿ ಆಟೋದು" ಎಂದಳು. "ನೀಲಿ ಟ್ರಾಕ್ಟರದು. ಕೆಂಪಗಿರೋದು ಕುಂಕುಮ, ನಾನು ಇಡ್ತಿದ್ದೆ."

"ಟ್ರಾಕ್ಟರಾ? ಎಲ್ಲಿತ್ತು ಇದು?"

"ಕೋಮಲಾ!" ಎಂದು ವಾಗೀಶ ಒಳಗಿನಿಂದ ಕೂಗಿದ.

"ನಿಮ್ಮ ಗೇಟಿನ ಮುಂದೆ" ಎಂದಳು ಅವಳು. "ಆ ಗಾರೆ ಇದೆಯಲ್ಲ, ಅಲ್ಲಿ. ಅನಸೂಯ ನನ್ನ ಕೇಳಿದ್ಲು. ನ್ಯಾಯವಾಗಿ ಕೇಳಿದ್ಲು. ನಾನು ಹೇಳಲಿಲ್ಲ."

ನಟೇಶ ಅವಳನ್ನು ಬೈಯಲಿಲ್ಲ. ನೀಲಿ ಗೀರಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಿದ್ದ. ಮರುದಿನ ಆಳುಗಳನ್ನು ಕರೆತಂದು ನನ್ನನ್ನು ಇಳಿಸಿದ. ವಾಗೀಶ ಬಾಗಿಲಿಗೆ ಬರಲಿಲ್ಲ. ಕೋಮಲ ಮೆಟ್ಟಿಲಿನ ತನಕ ಬಂದಳು, ನನ್ನನ್ನು ಮುಟ್ಟಲಿಲ್ಲ.

ಗಾರೆ ಒಡೆಸಿ ನಟೇಶ ನನ್ನನ್ನು ಮೊದಲಿದ್ದಲ್ಲೇ ಹೂಣಿಸಿದ. ಅನಸೂಯ ಹೋದ ಮೇಲೆ ಗಾಡಿಗಳ ವೇಗ ತಗ್ಗಲೆಂದು ರಸ್ತೆಗೆ ಒಂದು ಉಬ್ಬು ಹಾಕಿದ್ದರು, ಮುಂದಿನ ಸಲ ಡಾಂಬರು ಹಾಕಿದಾಗ ಅದು ಮಟ್ಟಸವಾಗಿಹೋಯಿತು. ಟ್ರಾಕ್ಟರುಗಳು ಹಾಗೆಯೇ ಓಡಾಡುತ್ತಿವೆ. ನಾನು ಕಾಯುತ್ತಿದ್ದೇನೆ, ಆದರೆ ನನ್ನ ಬೆನ್ನ ಹಿಂದೆ ಈಗ ಯಾರೂ ರಂಗೋಲಿ ಇಡುವುದಿಲ್ಲ. ಇಂಚರ ಗೇಟಿನ ಸರಳುಗಳ ಹಿಂದೆ ನಿಂತು ನನ್ನನ್ನು ನೋಡುತ್ತಾಳೆ.

ಗೇಟಿಗೆ ಮಾರಾಟದ ಹಲಗೆ ತೂಗುಹಾಕಿ ಬಹಳ ದಿನವಾಯಿತು. ಕೊಳ್ಳಲು ಬಂದವರು ಮೊದಲು ಕೇಳುವುದು ಮುಂದೆ ಒಳ್ಳೆ ಬೆಲೆ ಬರುತ್ತಾ ಎಂದು. ಆಮೇಲೆ ಈ ಕಲ್ಲು ಯಾಕೆ ಎಂದು. ನಟೇಶ ಇದ್ದದ್ದನ್ನು ಇದ್ದಹಾಗೆ ಹೇಳುತ್ತಾನೆ, ಹೆಂಡತಿಯ ಹೆಸರು ಸಮೇತ. ಬಂದವರು ಛೆ ಛೆ ಅನ್ನುತ್ತಾರೆ, ಇಂಚರಳ ಕೆನ್ನೆ ಸವರುತ್ತಾರೆ, ಹೋಗುತ್ತಾರೆ. ಮತ್ತೆ ಬರುವುದಿಲ್ಲ. ಸತ್ಯ ಹೇಳಿದ ಪ್ರತಿಸಲವೂ ಅವನು ಇನ್ನಷ್ಟು ಸೊರಗಿ ಒಳಗೆ ಹೋಗುವುದನ್ನು ನಾನು ನೋಡಿದ್ದೇನೆ. ಮಗುವಿನ ಚೀರಾಟ ಮಾತ್ರ ದಿನವೂ ಇದೆ.

ನಿನ್ನೆ ಓಂಕಾರಿ ಬಂದಿದ್ದ. ಹೊರ ಊರಿನ ಗಂಡ ಹೆಂಡತಿ ನಾಳೆ ಮನೆ ನೋಡಲು ಬರುತ್ತಾರೆ ಎಂದ. ಒಳ್ಳೆಯ ಜನವಂತೆ, ಹೆಂಡತಿ ಬಸುರಿಯಂತೆ. ಏಲಕ್ಕಿ ಜಗಿಯುತ್ತಾ ನನ್ನನ್ನು ಕಾಲಿನಿಂದ ಮೆಲ್ಲಗೆ ಒದ್ದು, "ಮೇಷ್ಟ್ರೇ, ಇದೊಂದು ತೆಗೆದುಬಿಟ್ರೆ ಮನೆ ಹೋಗ್ತದೆ" ಎಂದ.

ಹಾಗನ್ನಬೇಡ ಎಂದು ನಟೇಶ ಈ ಮೊದಲು ಎಷ್ಟೋ ಸಲ ಗದರಿಸಿದ್ದುಂಟು. ನಿನ್ನೆ ಗದರಿಸಲಿಲ್ಲ. ಒಳಗಿನಿಂದ ಇಂಚರ ಅಳುವುದು ಕೇಳುತ್ತಿತ್ತು. ಓಂಕಾರಿ ಹೋದ ಮೇಲೆ ನಟೇಶ ಹಿತ್ತಲಿಗೆ ಹೋಗಿ ಬಂದು, ಕೈಯಲ್ಲಿದ್ದದ್ದನ್ನು ಕಾಂಪೌಂಡಿಗೆ ಒರಗಿಸಿಟ್ಟು ಒಳಗೆ ಹೋದ. ಹಾರೆ. ಅದು ಇಲ್ಲಿಂದ ನನಗೆ ಕಾಣುತ್ತಿದೆ. ಅವನು ಅದನ್ನು ಇನ್ನೂ ಎತ್ತಿಲ್ಲ.

ಅವನು ಒಳ್ಳೆಯವನು. ಕೋಮಲಳೂ ಒಳ್ಳೆಯವಳೇ ಆಗಿದ್ದಳು. ಒಳ್ಳೆಯವರು ಸುಸ್ತಾದಾಗ ಏನಾಗುತ್ತದೆಂದು ನಾನು ಬಲ್ಲೆ. ಈಗಷ್ಟೇ ಬೆಳಕು ಹರಿಯುತ್ತಿದೆ. ಮನೆಯ ಬಾಗಿಲ ಚಿಲಕ ತೆಗೆದ ಸದ್ದಾಯಿತು. ಮೇಲೆ ಗುಡ್ಡದಲ್ಲಿ ಯಾವುದೋ ಇಂಜಿನ್ ಚಾಲೂ ಆಗಿದೆ, ನನ್ನ ಕೆಳಗಿನ ಮಣ್ಣು ಅದುರುತ್ತಿದೆ.